ಅಡುಗೆಮನೆಯೇ ಆಟದಂಗಳ: ಪುಟಾಣಿಗಳಿಗೆ ಖರ್ಚಿಲ್ಲದ ಆಟಗಳು

ಒಂದು ವರ್ಷ ತುಂಬಿ, ಗೋಡೆ ಹಿಡಿದು ನಡೆಯಲಾರಂಭಿಸಿದ ಮಗುವಿಗೆ ಮನೆಯಲ್ಲಿ ಅತ್ಯಂತ ಪ್ರಿಯವಾದ ಸ್ಥಳ ಯಾವುದು? ಬಹುತೇಕ ಮನೆಗಳಲ್ಲಿ ಅದು ಆಟಿಕೆಗಳನ್ನು ಜೋಡಿಸಿಟ್ಟ ಮೂಲೆಯಲ್ಲ, ಅಡುಗೆಮನೆಯ ಕೆಳಗಿನ ಕಪಾಟು. ತಪ್ಪಲೆ, ಮುಚ್ಚಳ, ಸೌಟು, ಜರಡಿಗಳನ್ನು ಒಂದೊಂದಾಗಿ ಹೊರಗೆಳೆದು ನೆಲಕ್ಕೆ ಬಡಿಯುವ ಮಗುವನ್ನು ಎತ್ತಿಕೊಂಡು ಬಂದು ಬಣ್ಣಬಣ್ಣದ ಪ್ಲಾಸ್ಟಿಕ್ ಆಟಿಕೆಗಳ ನಡುವೆ ಕೂರಿಸಲಾಗುತ್ತದೆ. ಎರಡೇ ನಿಮಿಷದಲ್ಲಿ ಮಗು ಮತ್ತೆ ಕಪಾಟಿನ ಮುಂದೆ ಹಾಜರು. ಇದನ್ನು ತಂಟೆ ಎಂದು ಭಾವಿಸುವ ಪೋಷಕರೇ ಹೆಚ್ಚು. ಆದರೆ ಸ್ಟೀಲ್ ಲೋಟದ ತಂಪು, ಹಿತ್ತಾಳೆ ಚೊಂಬಿನ ತೂಕ, ಮರದ ಸೌಟಿನ ಮಂದ ಸದ್ದು ಇವೆಲ್ಲವೂ ಬೇರೆ ಬೇರೆ ಎಂಬುದನ್ನು ಮಗು ತಾನೇ ಕಂಡುಕೊಳ್ಳುವುದು ಇಂತಹ ತಂಟೆಯಲ್ಲಿಯೇ.

ಒಂದರಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ದುಬಾರಿ ಆಟಿಕೆ ಅಗತ್ಯವೇ ಎಂಬ ಪ್ರಶ್ನೆಗೆ ಜಮೈಕಾ ದೇಶದಲ್ಲಿ ನಡೆದ ಅಧ್ಯಯನವೊಂದು ಗಟ್ಟಿಯಾದ ಉತ್ತರ ನೀಡಿದೆ. 1986-87ರಲ್ಲಿ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ, ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆಯದ 9ರಿಂದ 24 ತಿಂಗಳ ವಯೋಮಾನದ 129 ಮಕ್ಕಳನ್ನು ಸ್ಯಾಲಿ ಗ್ರಂಥಾಮ್-ಮೆಕ್‌ಗ್ರೆಗರ್ ಮತ್ತು ಅವರ ಸಹೋದ್ಯೋಗಿಗಳು ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಕೆಲವು ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ, ಒಂದು ಗಂಟೆಯಂತೆ ಎರಡು ವರ್ಷ ಕಾಲ ತೆರಳಿ ಮಗುವಿನೊಂದಿಗೆ ಆಡುವ ಬಗೆಯನ್ನು ತಾಯಂದಿರಿಗೆ ತೋರಿಸಿಕೊಟ್ಟರು. ಅವರು ಒಯ್ದದ್ದು ಬಹುತೇಕ ಮನೆಯಲ್ಲೇ ತಯಾರಿಸಿದ ಆಟಿಕೆಗಳನ್ನು. ಆ ಮಕ್ಕಳು ಇಪ್ಪತ್ತು ದಾಟಿ ದುಡಿಯುವ ವಯಸ್ಸಿಗೆ ಬಂದಾಗ, ಭೇಟಿ ದೊರೆಯದ ಮಕ್ಕಳಿಗಿಂತ ಶೇಕಡಾ 25ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು ಎಂದು 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿಯಾಯಿತು. ಕೇವಲ ಪೂರಕ ಆಹಾರ ಪಡೆದ ಗುಂಪಿನಲ್ಲಿ ಇಂತಹ ದೀರ್ಘಕಾಲದ ಲಾಭ ಕಾಣಲಿಲ್ಲ. ಆಹಾರ ಮುಖ್ಯವಲ್ಲವೆಂದು ಇದರ ಅರ್ಥವಲ್ಲ. ಫಲ ಕೊಟ್ಟದ್ದು ಆಟಿಕೆಯ ಬೆಲೆಯಲ್ಲ, ಮಗುವಿನ ಜತೆ ಕುಳಿತು ಮಾತನಾಡುತ್ತಾ ಆಡಿದ ದೊಡ್ಡವರು ಎಂಬುದಷ್ಟೇ ಇಲ್ಲಿ ಗಮನಾರ್ಹ.

ಮೊದಲು ಸುರಕ್ಷತೆ

ಮನೆಯ ವಸ್ತುಗಳನ್ನು ಆಟಕ್ಕೆ ಕೊಡುವ ಮುನ್ನ ಗಾತ್ರವನ್ನು ನೋಡಲೇಬೇಕು. ಮೂರು ವರ್ಷದೊಳಗಿನವರ ಆಟಿಕೆಗಳಲ್ಲಿ ಗಂಟಲಲ್ಲಿ ಸಿಲುಕುವ ಬಿಡಿಭಾಗ ಇರಬಾರದೆಂದು ಪರೀಕ್ಷಿಸಲು ಬಳಸುವ ಕೊಳವೆಯ ವ್ಯಾಸ 31.7 ಮಿಲಿಮೀಟರ್. ನಮ್ಮ ಹತ್ತು ರೂಪಾಯಿ ನಾಣ್ಯದ ವ್ಯಾಸ 27 ಮಿಲಿಮೀಟರ್ ಮಾತ್ರ. ಅಂದರೆ ಆ ನಾಣ್ಯಕ್ಕಿಂತ ತುಸು ದೊಡ್ಡದಾದ ವಸ್ತುವೂ ಅಪಾಯದ ಪಟ್ಟಿಯಲ್ಲೇ ಇದೆ. ದುಂಡಗಿನ ವಸ್ತುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಗೋಲಿ, ಮಣಿಗಳಂತೂ ಸರ್ವಥಾ ಕೂಡದು. ಕಡಲೆಕಾಯಿ, ಕಡಲೆ, ಹುಣಸೆಬೀಜ, ಅಂಗಿಯ ಗುಂಡಿ, ಒಡೆದ ಬಲೂನಿನ ಚೂರು ಇವು ಮಗುವಿನ ಕೈಗೆ ಸಿಗಬಾರದು. ಕೈಗಡಿಯಾರ, ರಿಮೋಟ್‌ಗಳಲ್ಲಿರುವ ಗುಂಡಿಯಾಕಾರದ ಬ್ಯಾಟರಿ ಇವೆಲ್ಲಕ್ಕಿಂತ ಅಪಾಯಕಾರಿ. ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ನುಂಗಿರಬಹುದೆಂಬ ಸಂಶಯ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ತುಂಬುವುದು, ಸುರಿಯುವುದು, ಬಚ್ಚಿಡುವುದು

ಒಂದು ವರ್ಷದಿಂದ ಒಂದೂವರೆ ವರ್ಷದ ಮಗುವಿಗೆ ಒಳಗೆ ಹಾಕುವುದು, ಹೊರಗೆ ತೆಗೆಯುವುದು ಎಂಬುದಕ್ಕಿಂತ ದೊಡ್ಡ ಆಟವಿಲ್ಲ. ಬಿದಿರಿನ ಬುಟ್ಟಿಯೊಂದರಲ್ಲಿ ಮರದ ಸೌಟು, ಸ್ಟೀಲ್ ಲೋಟ, ದಪ್ಪ ಬಟ್ಟೆಯ ಉಂಡೆ, ತೆಂಗಿನ ಚಿಪ್ಪು (ಅಂಚನ್ನು ಚೆನ್ನಾಗಿ ಉಜ್ಜಿ ನುಣುಪು ಮಾಡಿದ್ದು), ಹಳೆಯ ಬಾಚಣಿಗೆ, ದೊಡ್ಡ ಡಬ್ಬಿಯ ಮುಚ್ಚಳ ಹೀಗೆ ಎಂಟು ಹತ್ತು ವಸ್ತುಗಳನ್ನಿಟ್ಟು ಮಗುವಿನ ಮುಂದಿಡಿ. ಬ್ರಿಟನ್ನಿನ ಶಿಶುಶಿಕ್ಷಣ ತಜ್ಞೆ ಎಲಿನೋರ್ ಗೋಲ್ಡ್‌ಶ್ಮೀಡ್ ಇಂತಹ ಬುಟ್ಟಿಗೆ ‘ನಿಧಿಯ ಬುಟ್ಟಿ’ ಎಂದೇ ಹೆಸರಿಟ್ಟಿದ್ದರು. ಅವರು ಅದನ್ನು ರೂಪಿಸಿದ್ದು ಇನ್ನೂ ಕುಳಿತೇ ಆಡುವ ಕೂಸುಗಳಿಗಾಗಿ. ಆದರೆ ನಡೆಯುವ ಮಕ್ಕಳೂ ಅದನ್ನು ಬಿಟ್ಟೇಳುವುದಿಲ್ಲ. ಪ್ರತಿದಿನವೂ ಎರಡು ವಸ್ತು ಬದಲಿಸಿದರೆ ಬುಟ್ಟಿ ಹೊಸದಾಗಿಯೇ ಉಳಿಯುತ್ತದೆ.

ಇಡ್ಲಿ ತಟ್ಟೆ ಇನ್ನೊಂದು ಸೊಗಸಾದ ಆಟಿಕೆ. ಒಂದೊಂದು ಕುಳಿಗೆ ಒಂದೊಂದರಂತೆ ತೊಳೆದ ಆಲೂಗಡ್ಡೆ ಇಡುವುದನ್ನು ಒಮ್ಮೆ ತೋರಿಸಿದರೆ ಸಾಕು, ಅರ್ಧ ಗಂಟೆ ನಿಶ್ಚಿಂತೆ. ಈರುಳ್ಳಿಯನ್ನೂ ಇಡಬಹುದು, ಆದರೆ ಸಿಪ್ಪೆ ಮನೆಯೆಲ್ಲಾ ಹಾರಾಡಲು ಸಿದ್ಧರಿರಬೇಕು. ಒಂದರೊಳಗೊಂದು ಕೂರುವ ಡಬ್ಬಿಗಳನ್ನು ಕೊಟ್ಟರೆ ದೊಡ್ಡದು, ಚಿಕ್ಕದು ಎಂಬ ಪಾಠ ತಾನಾಗಿಯೇ ನಡೆಯುತ್ತದೆ. ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹೆಸರುಕಾಳು ತುಂಬಿ, ಮುಚ್ಚಳವನ್ನು ಅಂಟು ಹಾಕಿ ಭದ್ರಪಡಿಸಿದರೆ ಗಿಲಕಿ ಸಿದ್ಧ. ಮುಚ್ಚಳ ಸಡಿಲವಾಗಿದೆಯೇ ಎಂದು ದಿನವೂ ಪರೀಕ್ಷಿಸುವುದು ದೊಡ್ಡವರ ಕೆಲಸ.

ಬಟ್ಟೆಯ ಕೆಳಗೆ ಲೋಟವನ್ನು ಬಚ್ಚಿಟ್ಟು ಹುಡುಕಿಸುವುದು, ಬಾಗಿಲ ಹಿಂದೆ ಅಡಗಿ ಇಣುಕುವುದು ನಮ್ಮ ಅಜ್ಜಿಯರು ಆಡಿಸುತ್ತಿದ್ದ ಆಟಗಳೇ. ಕಣ್ಣಿಗೆ ಕಾಣದಿದ್ದರೂ ವಸ್ತು ಇದ್ದೇ ಇದೆ ಎಂಬ ತಿಳಿವಳಿಕೆ ಮಗುವಿನಲ್ಲಿ ಮೂಡುವ ಬಗೆಯನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಪರೀಕ್ಷಿಸಿದ್ದು ತಮ್ಮ ಸ್ವಂತ ಮಕ್ಕಳ ಮುಂದೆ ಹೀಗೆಯೇ ವಸ್ತುಗಳನ್ನು ಬಚ್ಚಿಟ್ಟು. ಅಮ್ಮ ಕೆಲಸಕ್ಕೆ ಹೊರಟಾಗ ಅಳುವ ಮಗುವಿಗೆ, ಹೋದವರು ಮರಳಿ ಬರುತ್ತಾರೆಂಬ ಧೈರ್ಯ ತುಂಬಲೂ ಈ ಆಟ ನೆರವಾಗುತ್ತದೆ.

ನೀರು ಮತ್ತು ಹಿಟ್ಟು

ನೀರಾಟಕ್ಕೆ ಬಕೆಟ್ ಬೇಡ. ಅಗಲವಾದ ತಟ್ಟೆ, ಎರಡು ಲೋಟ ನೀರು, ಒಂದು ಚಿಕ್ಕ ಚೊಂಬು, ಒಂದು ಜರಡಿ ಇದ್ದರೆ ಸಾಲದೇ? 2024ರ ಬೇಸಿಗೆಯಲ್ಲಿ ಬೆಂಗಳೂರಿನ ಮನೆಗಳು ಟ್ಯಾಂಕರಿಗಾಗಿ ಕಾದ ನೆನಪು ಇರುವವರು ಆಟ ಮುಗಿದ ಮೇಲೆ ಆ ನೀರನ್ನು ಮಗುವಿನ ಕೈಯಿಂದಲೇ ಕುಂಡದ ಗಿಡಕ್ಕೆ ಹಾಕಿಸಬಹುದು. ಕೆಲವೇ ಇಂಚು ನೀರಿರುವ ಬಕೆಟ್ಟಿನಲ್ಲಿಯೂ ಪುಟ್ಟ ಮಗು ತಲೆಕೆಳಗಾಗಿ ಬಿದ್ದು ಮುಳುಗುವ ಅಪಾಯವಿದೆ. ಆದ್ದರಿಂದ ನೀರಾಟದ ಮಧ್ಯೆ ಬಾಗಿಲ ಬೆಲ್ ಬಾರಿಸಿದರೆ ಮಗುವನ್ನು ಎತ್ತಿಕೊಂಡೇ ಬಾಗಿಲು ತೆರೆಯಬೇಕು.

ಚಪಾತಿಗೆ ಕಲಸುವ ಹಿಟ್ಟಿನಲ್ಲಿ ನಿಂಬೆಗಾತ್ರದ ಉಂಡೆಯೊಂದನ್ನು ಮಗುವಿಗೆ ಕೊಟ್ಟರೆ ಒತ್ತುವುದು, ಹಿಸುಕುವುದು, ಚಿವುಟುವುದು ಎಲ್ಲವೂ ಆಗುತ್ತದೆ. ಬೆರಳುಗಳಿಗೆ ಇದಕ್ಕಿಂತ ಉತ್ತಮ ವ್ಯಾಯಾಮ ಕಷ್ಟ. ಬಣ್ಣ ಬೇಕಿದ್ದರೆ ಅರಿಶಿನ ಅಥವಾ ಬೀಟ್‌ರೂಟ್ ರಸ ಬೆರೆಸಬಹುದು. ಹಿಟ್ಟು ಕೆಡದಿರಲೆಂದು ಧಾರಾಳವಾಗಿ ಉಪ್ಪು ಸುರಿಯುವ ವಿಧಾನವೊಂದು ಪ್ರಚಲಿತದಲ್ಲಿದೆ. ಸಿಕ್ಕಿದ್ದನ್ನು ಬಾಯಿಗಿಡುವ ವಯಸ್ಸಿನವರಿಗೆ ಅದು ಬೇಡ. ಅಷ್ಟು ಉಪ್ಪು ಹೊಟ್ಟೆ ಸೇರುವುದು ಅಪಾಯಕರ. ಹಸಿ ಹಿಟ್ಟನ್ನು ತಿನ್ನಲೂ ಬಿಡಬಾರದು. ಆಡಿದ ಹಿಟ್ಟನ್ನು ಆ ದಿನವೇ ಎಸೆಯುವುದು ಲೇಸು.

ದೊಡ್ಡವರ ಕೆಲಸವೇ ಆಟ

ಎರಡು ವರ್ಷ ಸಮೀಪಿಸಿದ ಮಗು ಅನುಕರಣೆಗೆ ಇಳಿಯುತ್ತದೆ. ನೆಲ ಒರೆಸಲು ಅದಕ್ಕೂ ಒಂದು ತುಂಡು ಬಟ್ಟೆ ಬೇಕು. ಒಣಗಿದ ಬಟ್ಟೆ ಮಡಚುವಾಗ ಕರವಸ್ತ್ರಗಳನ್ನು ಬೇರೆ ಮಾಡುವುದು, ಕಾಲುಚೀಲಗಳ ಜೋಡಿ ಹುಡುಕುವುದು, ಮೆಂತ್ಯದ ಸೊಪ್ಪು ಬಿಡಿಸುವುದು ಇವನ್ನೆಲ್ಲಾ ಮಗುವಿಗೆ ವಹಿಸಬಹುದು. ಅವರೆಕಾಯಿಯ ಕಾಲದಲ್ಲಿ ಸುಲಿದ ಸಿಪ್ಪೆಯನ್ನು ಬುಟ್ಟಿಗೆ ಹಾಕುವ ಕೆಲಸ ಕೊಡಿ, ಕಾಳು ಮಾತ್ರ ದೂರವಿರಲಿ. ಹೀಗೆ ಮಾಡಿದರೆ ಹತ್ತು ನಿಮಿಷದ ಕೆಲಸ ಅರ್ಧ ಗಂಟೆಯಾಗುತ್ತದೆ ಎಂಬುದು ನಿಜ. ಕಚೇರಿಯಿಂದ ದಣಿದು ಬಂದವರಿಗೆ ಅಷ್ಟು ತಾಳ್ಮೆ ಪ್ರತಿದಿನವೂ ಇರುವುದಿಲ್ಲ. ವಾರಕ್ಕೆ ನಾಲ್ಕು ದಿನ ಸಾಧ್ಯವಾದರೂ ಅದು ನಷ್ಟವೇನಲ್ಲ.

ಗೋಡೆ ಗೀಚುವ ಮಗುವಿಗೆ ಬಾಲ್ಕನಿಯ ಸಿಮೆಂಟ್ ನೆಲ, ಒದ್ದೆ ಮಾಡಿದ ದಪ್ಪ ಕುಂಚ ಕೊಡಿ. ಬರೆದದ್ದು ಒಣಗಿ ಮಾಯವಾಗುತ್ತದೆ, ಮಗು ಮತ್ತೆ ಬರೆಯುತ್ತದೆ. ಈ ವಯಸ್ಸಿನಲ್ಲಿ ಅಕ್ಷರ ತಿದ್ದಿಸುವ ಆತುರ ಸಲ್ಲದು. ಅದೇ ರೀತಿ, ಆಟದ ನಡುವೆ ‘ಇದು ಯಾವ ಬಣ್ಣ? ಇದೆಷ್ಟು?’ ಎಂದು ಪರೀಕ್ಷೆ ನಡೆಸುವ ಚಟವನ್ನೂ ಬಿಡುವುದು ಒಳಿತು. ನೆಂಟರ ಮುಂದಂತೂ ಇದು ಮಗುವಿಗೆ ಶಿಕ್ಷೆಯೇ ಸರಿ. ಪ್ರಶ್ನೆಯ ಬದಲು ಮಗು ಮಾಡುತ್ತಿರುವುದನ್ನೇ ಮಾತಿನಲ್ಲಿ ಹೇಳುತ್ತಾ ಹೋಗಿ: ಕೆಂಪು ಮುಚ್ಚಳ ಸಿಕ್ಕಿತು, ಲೋಟ ಬಿತ್ತು, ಠಣ್ ಎಂದಿತು. ಹೇಳಿದ ಮೇಲೆ ತುಸು ಸುಮ್ಮನಿರಿ. ಮಗು ತನ್ನದೇ ಶಬ್ದದಲ್ಲಿ ಉತ್ತರಿಸಲು ಅದಕ್ಕೆ ಸಮಯ ಬೇಕು.

ಫ್ಲ್ಯಾಟ್‌ನಲ್ಲಿ ಓಡಾಟ

ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈಯಾಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿದೆ. ಅಂಗಳವಿಲ್ಲದ ಮನೆಯಲ್ಲಿ ಇದು ಸುಲಭವಲ್ಲ. ದಿಂಬುಗಳ ಗುಡ್ಡ ಹತ್ತಿ ಇಳಿಯುವುದು, ಸೀಮೆಸುಣ್ಣದ ಗೆರೆಯ ಮೇಲೆ ನಡೆಯುವುದು, ಹಳೆಯ ಪತ್ರಿಕೆಗಳನ್ನು ತುಂಬಿದ ರಟ್ಟಿನ ಪೆಟ್ಟಿಗೆಯನ್ನು ತಳ್ಳುವುದು, ಹಳೆಯ ಸೀರೆಯ ಮೇಲೆ ಮಗುವನ್ನು ಕೂರಿಸಿ ನಿಧಾನವಾಗಿ ಎಳೆಯುವುದು ಇವು ಕೆಳಗಿನ ಮನೆಯವರಿಂದ ದೂರು ಬಾರದಂತೆ ಆಡಬಹುದಾದ ಆಟಗಳು. ಅದೇ ಸಲಹೆಯ ಪ್ರಕಾರ ಒಂದು ವರ್ಷದ ಮಗುವಿಗೆ ಮೊಬೈಲ್, ಟಿವಿ ತೋರಿಸುವುದು ಬೇಡ. ಎರಡು ವರ್ಷದ ಮೇಲೆ ದಿನಕ್ಕೆ ಒಂದು ಗಂಟೆ ಮೀರಬಾರದು. ಊಟ ಮಾಡಿಸಲು ಮೊಬೈಲ್ ಹಿಡಿಸುವ ಮನೆಗಳಲ್ಲಿ ಆ ಒಂದು ಗಂಟೆ ಒಂದೇ ಹೊತ್ತಿನ ತುತ್ತಿಗೆ ಮುಗಿದುಹೋಗುತ್ತದೆ.

ಕೊಳ್ಳಲೇಬೇಕೆನ್ನುವವರು ಆಟಿಕೆಯ ಮೇಲೆ ಐಎಸ್‌ಐ ಗುರುತು ಇದೆಯೇ ಎಂದು ನೋಡಬೇಕು. 2021ರ ಜನವರಿ 1ರಿಂದ ದೇಶದಲ್ಲಿ ಇದು ಕಡ್ಡಾಯವಾಗಿದೆ. ಭೌಗೋಳಿಕ ಸೂಚಕ ಪಡೆದ ಕರಕುಶಲ ಆಟಿಕೆಗಳಿಗೆ ವಿನಾಯಿತಿ ಇರುವುದರಿಂದ ಚನ್ನಪಟ್ಟಣದ ಗೊಂಬೆಗಳಲ್ಲಿ ಆ ಗುರುತು ಹುಡುಕಬೇಕಿಲ್ಲ. ಅರಗಿನ ಬಣ್ಣ ಬಳಿದದ್ದೇ, ಕಿತ್ತು ಬರುವ ಚಿಕ್ಕ ಭಾಗಗಳಿವೆಯೇ ಎಂದು ಮಾತ್ರ ವಿಚಾರಿಸಿ ಕೊಳ್ಳಿ.

ಮಗುವಿನೊಂದಿಗೆ ಹೀಗೆ ದಿನವೂ ಆಡುವವರಿಗೆ ದೊರೆಯುವ ಇನ್ನೊಂದು ಪ್ರಯೋಜನವೆಂದರೆ, ಬೆಳವಣಿಗೆಯಲ್ಲಿ ಏನಾದರೂ ತೊಡಕಿದ್ದರೆ ಅದು ಬೇಗ ಕಣ್ಣಿಗೆ ಬೀಳುತ್ತದೆ. ಹೆಸರು ಹಿಡಿದು ಕರೆದರೂ ತಿರುಗದಿರುವುದು, ಹಿಂದಿನಿಂದ ತಟ್ಟೆ ಬಡಿದರೂ ಬೆಚ್ಚದಿರುವುದು, ಒಂದೂವರೆ ವರ್ಷವಾದರೂ ನಡೆಯದಿರುವುದು, ಎರಡು ವರ್ಷ ತುಂಬಿದರೂ ಎರಡು ಪದ ಕೂಡಿಸಿ ಹೇಳದಿರುವುದು ಕಂಡುಬಂದರೆ ‘ಅವರಪ್ಪನೂ ತಡವಾಗಿಯೇ ಮಾತನಾಡಿದ್ದ’ ಎಂಬ ಸಮಾಧಾನದಲ್ಲಿ ತಿಂಗಳುಗಳನ್ನು ಕಳೆಯದೆ ಮಕ್ಕಳ ವೈದ್ಯರನ್ನು ಕಾಣಬೇಕು. ಮಾತು ಮತ್ತು ಶ್ರವಣದ ತಪಾಸಣೆಗೆ 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವ್ಯವಸ್ಥೆ ಇದೆ.