ನಾಲ್ಕು ಅಂಗುಲದ ಎತ್ತರ: ವಾಹನದ ಸ್ಪ್ರಿಂಗಿನ ಕಥೆ

ಮಹಾಭಾರತದ ದ್ರೋಣಪರ್ವದಲ್ಲಿ ಒಂದು ಸಂಗತಿ ಬರುತ್ತದೆ. ಧರ್ಮರಾಯನ ರಥವು ಅವನ ಸತ್ಯದ ಬಲದಿಂದ ನೆಲವನ್ನು ಮುಟ್ಟದೆ ನಾಲ್ಕು ಅಂಗುಲ ಮೇಲೆಯೇ ಚಲಿಸುತ್ತಿತ್ತು. ಅಶ್ವತ್ಥಾಮನ ವಿಷಯದಲ್ಲಿ ಅವನು ಅರೆಸತ್ಯವನ್ನು ನುಡಿದೊಡನೆ ಅದು ನೆಲಕ್ಕಿಳಿದು ಮಿಕ್ಕವರ ರಥಗಳಂತೆಯೇ ಆಯಿತು. ಮುಂದೆ ಕರ್ಣಪರ್ವದಲ್ಲಿ ಕರ್ಣನ ರಥದ ಚಕ್ರವನ್ನು ಭೂಮಿಯೇ ನುಂಗುತ್ತದೆ. ಪುರಾಣದ ಅರ್ಥವೇನೇ ಇರಲಿ, ಗಾಡಿ ಹೊಡೆಯುವವನ ದೃಷ್ಟಿಯಿಂದ ನೋಡಿದರೆ ಈ ಎರಡು ಪ್ರಸಂಗಗಳೂ ಒಂದೇ ಮಾತನ್ನು ಹೇಳುತ್ತವೆ. ವಾಹನಕ್ಕೂ ನೆಲಕ್ಕೂ ನಡುವಣ ಅಂತರವು ಬಹು ಬೆಲೆಯುಳ್ಳದ್ದು. ಅದು ತಪ್ಪಿದರೆ ಮಹಾರಥಿಯೂ ನಿಲ್ಲಬೇಕಾಗುತ್ತದೆ.

ಈಗ ಸತ್ಯದ ಬಲಕ್ಕೆ ಬದಲಾಗಿ ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್ಕಿನದೋ ಅಲ್ಯುಮಿನಿಯಮ್ಮಿನದೋ ಒಂದು ಬಳೆಯಿಂದ ವಾಹನವನ್ನು ಒಂದೆರಡು ಅಂಗುಲ ಎತ್ತುವ ಪದ್ಧತಿ ಬಂದಿದೆ. ಅದಕ್ಕೆ ಸ್ಪೇಸರ್ ಎಂದು ಹೆಸರು. ಎಸ್‌ಯುವಿ ಎಂದು ಕರೆಯುವ ದೊಡ್ಡ ಕಾರುಗಳ ಹಿಂಬದಿಯ ಸ್ಪ್ರಿಂಗಿನ ತಲೆಯ ಮೇಲೆ ಇದನ್ನು ಕೂರಿಸುತ್ತಾರೆ. ಅಮೆರಿಕದಲ್ಲಿ ಅನೇಕರು ಈ ಕೆಲಸವನ್ನು ಮನೆಯ ಗ್ಯಾರೇಜಿನಲ್ಲಿ ತಾವೇ ಮಾಡಿಕೊಳ್ಳುತ್ತಾರೆ. ನಮ್ಮಲ್ಲಿಯೂ ಇದರ ಆಸೆ ಹುಟ್ಟಿದೆ. ಬಳೆಯೇನೋ ಅಂಗೈಯಷ್ಟು, ಆದರೆ ಅದರ ಹಿಂದಿರುವ ಚರಿತ್ರೆ ನೂರಾರು ವರ್ಷಗಳದ್ದು. ಆ ಚರಿತ್ರೆಯನ್ನು ತಿಳಿದರೆ ಬಳೆಯ ಗುಣವೂ ದೋಷವೂ ತಾವಾಗಿಯೇ ತಿಳಿಯುತ್ತವೆ.

ಎತ್ತಿನ ಗಾಡಿಗೆ ಸ್ಪ್ರಿಂಗು ಇಲ್ಲ. ಅಚ್ಚಿನ ಮೇಲೆಯೇ ಮೈ ಕುಳಿತಿರುತ್ತದೆ. ಹಳ್ಳದಲ್ಲಿ ಚಕ್ರ ಬಿದ್ದರೆ ಕುಳಿತವನ ಬೆನ್ನುಮೂಳೆಗೆ ಆ ಸುದ್ದಿ ತಕ್ಷಣ ಮುಟ್ಟುತ್ತದೆ. ಹುಲ್ಲು ಹಾಸಿಕೊಳ್ಳುವುದೊಂದೇ ಅದಕ್ಕೆ ಮದ್ದು. ದೊಡ್ಡ ಚಕ್ರಗಳಿಂದ ಅಚ್ಚನ್ನು ಎತ್ತರದಲ್ಲಿಟ್ಟು ಕೆಸರನ್ನೂ ಕಲ್ಲನ್ನೂ ದಾಟುವ ಉಪಾಯವನ್ನು ನಮ್ಮ ಬಡಗಿಗಳು ಬಲ್ಲವರಾಗಿದ್ದರು. ಎತ್ತರವನ್ನು ಚಕ್ರದಿಂದಲೇ ಪಡೆಯಬೇಕೆಂಬ ಈ ಹಳೆಯ ತಿಳಿವಳಿಕೆಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಇದು ಉಪಯೋಗಕ್ಕೆ ಬರುತ್ತದೆ.

ಯೂರೋಪಿನವರು ಮೊದಲು ಹಿಡಿದ ದಾರಿ ತೂಗುಹಾಕುವುದು. ಗಾಡಿಯ ಮೈಯನ್ನು ಸರಪಣಿಗಳಿಂದಲೋ ತೊಗಲಿನ ಪಟ್ಟೆಗಳಿಂದಲೋ ಕಂಬಗಳಿಗೆ ತೂಗಿಬಿಟ್ಟರೆ ತೊಟ್ಟಿಲಿನಂತೆ ಅದು ತೂಗಾಡುತ್ತಿತ್ತು. ಹಂಗೆರಿಯಲ್ಲಿ ವಿಯೆನ್ನಾಕ್ಕೂ ಬುಡಾಪೆಸ್ಟಿಗೂ ನಡುವೆ ಕೋಚ್ ಎಂಬ ಹಳ್ಳಿಯಿದೆ. 15ನೆಯ ಶತಮಾನದಲ್ಲಿ ಆ ಊರಿನ ಗಾಡಿಗಳು ಹೆಸರಾದವು. ಇಂಗ್ಲಿಷಿನ ಕೋಚ್ ಎಂಬ ಪದವು ಈ ಹಳ್ಳಿಯ ಹೆಸರಿನಿಂದಲೇ ಬಂದಿದೆ. ರೈಲಿನ ಡಬ್ಬಿಗೆ ನಾವು ದಿನವೂ ಹೇಳುವ ಮಾತು ಹಂಗೆರಿಯ ಒಂದು ಹಳ್ಳಿಯ ನೆನಪೆಂದರೆ ಆಶ್ಚರ್ಯವಲ್ಲವೆ? ಅಮೆರಿಕದ ಕಾಂಕಾರ್ಡ್ ಪಟ್ಟಣದಲ್ಲಿ 1827ರಿಂದ ತಯಾರಾದ ಪ್ರಸಿದ್ಧ ಸಾರೋಟುಗಳೂ ದಪ್ಪ ತೊಗಲಿನ ಪಟ್ಟೆಗಳ ಮೇಲೆಯೇ ನಿಂತಿದ್ದವು.

ಎರಡನೆಯ ದಾರಿ ಉಕ್ಕಿನದು. ಅದಕ್ಕೆ ಶಾಸ್ತ್ರವನ್ನು ಒದಗಿಸಿದವನು ಇಂಗ್ಲೆಂಡಿನ ರಾಬರ್ಟ್ ಹುಕ್. ಸ್ಪ್ರಿಂಗಿನ ನಿಯಮವನ್ನು ಅವನು 1676ರಲ್ಲಿ ಒಂದು ಒಗಟಿನ ರೂಪದಲ್ಲಿ ಅಚ್ಚು ಹಾಕಿಸಿದನು. ಲ್ಯಾಟಿನ್ ವಾಕ್ಯವೊಂದರ ಅಕ್ಷರಗಳನ್ನು ಬಿಡಿಸಿ ಅಕಾರಾದಿಯಾಗಿ ಜೋಡಿಸಿಟ್ಟು, ಅರ್ಥವನ್ನು ಮುಚ್ಚಿಟ್ಟನು. ನಮ್ಮ ಮುಂಡಿಗೆಗಳನ್ನು ಬಲ್ಲವರಿಗೆ ಈ ಜಾಣತನ ಹೊಸದಾಗಿ ಕಾಣಲಾರದು. 1678ರಲ್ಲಿ ತಾನೇ ಒಗಟನ್ನು ಬಿಡಿಸಿದನು. ಸ್ಪ್ರಿಂಗಿನ ಮೇಲೆ ಬೀಳುವ ಬಲ ಎಷ್ಟು ಹೆಚ್ಚಿದರೆ ಅದು ಹಿಗ್ಗುವುದು ಅಥವಾ ಕುಗ್ಗುವುದು ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂಬುದು ಅದರ ತಾತ್ಪರ್ಯ. ಒಂದು ಇಂಚು ಕುಗ್ಗಲು 75 ಕಿಲೋ ಭಾರ ಬೇಕಾದ ಸ್ಪ್ರಿಂಗು 300 ಕಿಲೋ ಭಾರಕ್ಕೆ ನಾಲ್ಕು ಇಂಚು ಕುಗ್ಗುತ್ತದೆ. ಇಷ್ಟು ಲೆಕ್ಕ ಪ್ರೌಢಶಾಲೆಯ ಹುಡುಗನಿಗೂ ಗೊತ್ತು.

1763ರಲ್ಲಿ ಇಂಗ್ಲೆಂಡಿನಲ್ಲಿ ಸುರುಳಿ ಸ್ಪ್ರಿಂಗಿಗೆ ಪೇಟೆಂಟು ದೊರೆಯಿತು. ಆದರೆ ಗಾಡಿಗಳ ಲೋಕವನ್ನು ಬಹುಕಾಲ ಆಳಿದ್ದು ಕಮಾನು ಪಟ್ಟಿ. 1804ರಲ್ಲಿ ಲಂಡನ್ನಿನ ಒಬಡಾಯ ಎಲಿಯಟ್ ಎಂಬವನು, ಎರಡು ಬಿಲ್ಲುಗಳನ್ನು ಎದುರುಬದುರಾಗಿ ತುದಿಗೆ ತುದಿ ಸೇರಿಸಿದಂತೆ, ಉಕ್ಕಿನ ಪಟ್ಟಿಗಳ ಅಂಡಾಕಾರದ ಸ್ಪ್ರಿಂಗನ್ನು ರೂಪಿಸಿದನು. ಗಾಡಿಯ ಅಡಿಯಲ್ಲಿ ಮುಂದಿನಿಂದ ಹಿಂದಕ್ಕೆ ಹಾಯುತ್ತಿದ್ದ ಭಾರಿ ತೊಲೆಯು ಇದರಿಂದ ಬೇಡವಾಯಿತು. ಗಾಡಿ ಹಗುರವಾಯಿತು, ತಗ್ಗಾಯಿತು. ನಮ್ಮ ಜಟಕಾ ಗಾಡಿಯ ಅಡಿಯಲ್ಲಿ ಬಗ್ಗಿ ನೋಡಿದರೆ ಕಾಣುವ ಬಾಗಿದ ಪಟ್ಟಿಗಳು ಇದೇ ವಂಶದವು.

ಮೋಟಾರು ಬಂದಾಗ ಸಾರೋಟಿನ ಸ್ಪ್ರಿಂಗನ್ನೇ ಜೊತೆಯಲ್ಲಿ ತಂದಿತು. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟು ಪಡೆದ ಮೂರು ಚಕ್ರದ ವಾಹನದ ಹಿಂಬದಿಯಲ್ಲಿ ಇಂಥ ಅಂಡಾಕಾರದ ಸ್ಪ್ರಿಂಗುಗಳೇ ಇದ್ದವು. 1908ರಲ್ಲಿ ಹೊರಬಂದ ಫೋರ್ಡ್ ಕಂಪನಿಯ ಟಿ ಮಾದರಿಯ ಕಾರಿನಲ್ಲಿ ಮುಂದೊಂದು, ಹಿಂದೊಂದು, ಅಡ್ಡಲಾಗಿ ಕೂರಿಸಿದ ಕಮಾನು ಪಟ್ಟಿಗಳು. ಅದರ ಹೊಟ್ಟೆ ನೆಲದಿಂದ ಸುಮಾರು 10 ಇಂಚು ಮೇಲಿತ್ತು. ಅಮೆರಿಕದ ಹಳ್ಳಿಗಳಲ್ಲಿ ಅಂದು ಟಾರು ರಸ್ತೆ ಎಲ್ಲಿಯದು? ಆ ಎತ್ತರವೇ ರೈತರ ಮನೆಗೆ ಕಾರನ್ನು ತಲುಪಿಸಿತು. ಮುಂದೆ ರಸ್ತೆಗಳು ನುಣುಪಾದಂತೆ ಕಾರುಗಳು ತಗ್ಗಾದವು. ಎತ್ತರವು ಹಳ್ಳಿಗಾಡಿನ ಗುಣವೆನಿಸಿತು.

ಆ ಗುಣಕ್ಕೆ ಮತ್ತೆ ಮರ್ಯಾದೆ ತಂದದ್ದು ಯುದ್ಧ. 1940ರಲ್ಲಿ ಅಮೆರಿಕದ ಸೈನ್ಯವು ಹಗುರವಾದ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಹರಿಯುವ ವಾಹನವೊಂದನ್ನು ಬೇಡಿತು. ಬಾಂಟಮ್ ಎಂಬ ಸಣ್ಣ ಕಂಪನಿಯು ತನ್ನ ಮೊದಲ ಮಾದರಿಯನ್ನು ಅದೇ ವರ್ಷದ ಸೆಪ್ಟೆಂಬರ್ 23ರಂದು ಸೈನ್ಯಕ್ಕೆ ಒಪ್ಪಿಸಿತು. 1941ರಿಂದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಲಕ್ಷಗಟ್ಟಲೆ ಜೀಪುಗಳನ್ನು ಮಾಡಿದವು. ಅದರ ನಾಲ್ಕು ಮೂಲೆಗಳಲ್ಲಿಯೂ ಕಮಾನು ಪಟ್ಟಿಗಳು. ಯುದ್ಧ ಮುಗಿದ ಮೇಲೆ ಜೀಪು ನಾಗರಿಕರ ಕೈಗೆ ಬಂದಿತು. ಭಾರತದಲ್ಲಿ ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹೀಂದ್ರಾ ಕಂಪನಿಯು ಮುಂಬಯಿಯಲ್ಲಿ ಜೀಪುಗಳನ್ನು ಜೋಡಿಸತೊಡಗಿತು. ಕೊಡಗಿನ ಹಾಗೂ ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಜೀಪು ಮನೆಯ ಆಳಿನಂತಾಯಿತು. ಮಡಿಕೇರಿಯ ಬಳಿಯ ಮಾಂದಲಪಟ್ಟಿಯ ಏರುದಾರಿಯಲ್ಲಿ ಪ್ರವಾಸಿಗಳನ್ನು ಹೊತ್ತು ಏರುವುದು ಇಂದಿಗೂ ಜೀಪೇ.

ಅಮೆರಿಕದ ಪಶ್ಚಿಮ ಸೀಮೆಯಲ್ಲಿ ಇದೊಂದು ವಿನೋದವೂ ಆಯಿತು. 1953ರಲ್ಲಿ ಕ್ಯಾಲಿಫೋರ್ನಿಯದ ಜಾರ್ಜ್‌ಟೌನ್ ಎಂಬ ಊರಿನಿಂದ 55 ಜೀಪುಗಳು ರೂಬಿಕಾನ್ ಎಂಬ ಬಂಡೆಗಲ್ಲಿನ ದಾರಿಯಲ್ಲಿ ಸಿಯೆರಾ ಪರ್ವತವನ್ನು ದಾಟಿ ಟಾಹೋ ಸರೋವರದ ಕಡೆಗೆ ಹೋದವು. ಇಂಥ ದಾರಿಗಳಲ್ಲಿ ಹೊಟ್ಟೆ ಬಂಡೆಗೆ ತಾಗಬಾರದೆಂದು ಜನರು ತಮ್ಮ ಜೀಪುಗಳನ್ನು ತಾವೇ ಎತ್ತತೊಡಗಿದರು. ಅಚ್ಚಿಗೂ ಕಮಾನು ಪಟ್ಟಿಗೂ ನಡುವೆ ಉಕ್ಕಿನ ದಿಮ್ಮಿಯನ್ನಿಡುವುದು ಒಂದು ಉಪಾಯ. ಅಚ್ಚಿನ ಅಡಿಯಲ್ಲಿದ್ದ ಪಟ್ಟಿಯನ್ನು ಅಚ್ಚಿನ ಮೇಲಕ್ಕೆ ತರುವುದು ಇನ್ನೊಂದು.

1970ರಲ್ಲಿ ಇಂಗ್ಲೆಂಡಿನ ರೇಂಜ್ ರೋವರ್ ನಾಲ್ಕು ಚಕ್ರಗಳಿಗೂ ಸುರುಳಿ ಸ್ಪ್ರಿಂಗುಗಳನ್ನು ಹೊತ್ತು ಬಂದಿತು. ಕಾಡುದಾರಿಯ ಗಾಡಿಯಲ್ಲಿಯೂ ಸುಖವಾಗಿ ಕೂರಬಹುದೆಂದು ಅದು ತೋರಿಸಿಕೊಟ್ಟಿತು. 1997ರ ಮಾದರಿಯ ಜೀಪ್ ರಾಂಗ್ಲರ್ ಕೂಡ ಕಮಾನು ಪಟ್ಟಿಯನ್ನು ಬಿಟ್ಟು ನಾಲ್ಕೂ ಕಡೆ ಸುರುಳಿಗೆ ಬಂದಿತು. ನಮ್ಮ ದೇಶದಲ್ಲಿ 2010ರ ಥಾರ್ ಗಾಡಿಯ ಹಿಂದೆ ಕಮಾನು ಪಟ್ಟಿ ಇದ್ದರೆ, 2020ರ ಹೊಸ ಥಾರ್‌ನ ಹಿಂದೆ ಇರುವುದು ಸುರುಳಿ. ಸುರುಳಿ ಬಂದ ಮೇಲೆ ಎತ್ತುವ ಕೆಲಸ ಇನ್ನೂ ಸುಲಭವಾಯಿತು. ದಿಮ್ಮಿಯ ಬದಲಿಗೆ ಬಳೆ ಸಾಕಾಯಿತು.

ಬಳೆಯು ಮಾಡುವ ಕೆಲಸವಾದರೂ ಏನು? ಸ್ಪ್ರಿಂಗು ಗಟ್ಟಿಯಾಗುತ್ತದೆಂದೂ ಹೆಚ್ಚು ಭಾರ ಹೊರುತ್ತದೆಂದೂ ಅನೇಕರು ತಿಳಿದಿದ್ದಾರೆ. ಹುಕ್ಕನ ನಿಯಮವು ಇದನ್ನು ಒಪ್ಪುವುದಿಲ್ಲ. ಸ್ಪ್ರಿಂಗಿನ ಮೇಲಿರುವ ಭಾರವು ಮೊದಲಿನಷ್ಟೇ. ಆದುದರಿಂದ ಅದು ಕುಗ್ಗುವುದೂ ಮೊದಲಿನಷ್ಟೇ. ಸ್ಪ್ರಿಂಗು ನೇರವಾಗಿ ಅಚ್ಚಿನ ಮೇಲೆ ಕುಳಿತಿರುವ ಗಾಡಿಯಲ್ಲಿ, ಬಳೆಯ ದಪ್ಪ ಒಂದು ಇಂಚಾದರೆ ಮೈಯು ಸುಮಾರು ಒಂದು ಇಂಚು ಮೇಲೇರುತ್ತದೆ, ಅಷ್ಟೆ. ಅಂಗಳದಲ್ಲಿ ಮಣೆಯ ಮೇಲೆ ನಿಂತವನು ಎತ್ತರವಾಗಿ ಕಾಣುತ್ತಾನೆ. ಅವನ ಕಾಲು ಬಲವಾಗಿರುವುದಿಲ್ಲ.

ಇನ್ನೊಂದು ಭ್ರಮೆಯೂ ಉಂಟು. ಬಳೆಯಿಂದ ಮೇಲೇರುವುದು ಗಾಡಿಯ ಮೈ ಮಾತ್ರ. ಅಚ್ಚೂ ಅದರ ನಡುವಿನ ಗುಂಡನೆಯ ಗೇರಿನ ಪೆಟ್ಟಿಗೆಯೂ ಇದ್ದಲ್ಲಿಯೇ ಇರುತ್ತವೆ. ಬಂಡೆಗೆ ಮೊದಲು ತಾಗುವುದು ಆ ಪೆಟ್ಟಿಗೆಯೇ. ಅದನ್ನು ಎತ್ತಬೇಕಾದರೆ ದೊಡ್ಡ ಚಕ್ರವೇ ಬೇಕು. ನಮ್ಮ ಬಡಗಿಯ ತಿಳಿವಳಿಕೆ ಇಲ್ಲಿ ಮತ್ತೆ ನಿಜವಾಗುತ್ತದೆ.

ಕೂರಿಸುವ ಕ್ರಮವನ್ನು ಈಗ ನೋಡೋಣ. ಹಿಂದೆ ಒಂದೇ ಗಟ್ಟಿ ಅಚ್ಚಿದ್ದು, ಸ್ಪ್ರಿಂಗು ಬೇರೆ, ಶಾಕ್ ಅಬ್ಸಾರ್ಬರ್ ಬೇರೆ ಇರುವ ಗಾಡಿಯಲ್ಲಿ ಕೆಲಸವು ಸರಳ. ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಬೆಣೆ ಕೊಡುತ್ತಾರೆ. ಹ್ಯಾಂಡ್ ಬ್ರೇಕು ಸಾಮಾನ್ಯವಾಗಿ ಹಿಡಿಯುವುದು ಹಿಂದಿನ ಚಕ್ರಗಳನ್ನು. ಅವೇ ಗಾಳಿಯಲ್ಲಿರುವಾಗ ಅದನ್ನು ನಂಬಿ ಫಲವಿಲ್ಲ. ಜಾಕಿನಿಂದ ಎತ್ತಿದ ಮೇಲೆ ಚೌಕಟ್ಟಿನ ಅಡಿಗೆ ಉಕ್ಕಿನ ಸ್ಟ್ಯಾಂಡುಗಳನ್ನು ಕೊಡಬೇಕು. ಜಾಕು ಎತ್ತುವುದಕ್ಕೆ, ಸ್ಟ್ಯಾಂಡು ಹೊರುವುದಕ್ಕೆ. ಇಟ್ಟಿಗೆಯನ್ನೋ ಟೊಳ್ಳು ಸಿಮೆಂಟು ಕಲ್ಲನ್ನೋ ಜೋಡಿಸಿ ಅದರಡಿಯಲ್ಲಿ ಮಲಗುವುದು ಪ್ರಾಣದ ಜೊತೆ ಜೂಜಾಡಿದಂತೆ.

ಬಳಿಕ ಅಚ್ಚಿಗೆ ಬೇರೊಂದು ಜಾಕಿನ ಆಸರೆ ಕೊಟ್ಟು, ಚಕ್ರಗಳನ್ನು ಕಳಚಿ, ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟನ್ನು ಬಿಚ್ಚಿ, ಅಚ್ಚನ್ನು ಮೆಲ್ಲನೆ ಇಳಿಸುತ್ತಾರೆ. ಇಳಿಸುವಾಗ ಬ್ರೇಕಿನ ಎಣ್ಣೆಯ ಕೊಳವೆಯೂ ಚಕ್ರದ ಬಳಿಗೆ ಹೋಗುವ ತಂತಿಗಳೂ ಸೆಳೆತಕ್ಕೆ ಸಿಕ್ಕದಂತೆ ನೋಡಬೇಕು. ಭಾರ ಕಳೆದ ಸುರುಳಿಯು ಸಡಿಲವಾಗಿ ಕೈಗೆ ಬರುತ್ತದೆ. ಅದರ ತಲೆಯ ಮೇಲೆ ಬಳೆಯನ್ನಿಟ್ಟು, ಸುರುಳಿಯ ತುದಿಯು ತನ್ನ ಗುಳಿಯಲ್ಲಿಯೇ ಕೂರುವಂತೆ ತಿರುಗಿಸಿ, ಅಚ್ಚನ್ನು ಮತ್ತೆ ಎತ್ತಿ ಬೋಲ್ಟು ಹಾಕುತ್ತಾರೆ. ರಬ್ಬರಿನ ಬುಷ್ ಇರುವ ಕೀಲುಗಳನ್ನು ಸಡಿಲಿಸಿದ್ದರೆ, ಗಾಡಿಯು ತನ್ನ ಭಾರದ ಮೇಲೆ ನಿಂತ ನಂತರವೇ ಬಿಗಿಯಬೇಕು. ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ತಯಾರಕರು ಹೇಳಿದಷ್ಟೇ ಬಿಗಿಯುವುದಕ್ಕೆ ಅಳತೆಯ ಪಾನಾ ಬೇಕು. ಸ್ವಲ್ಪ ದೂರ ಓಡಿಸಿದ ಮೇಲೆ ಎಲ್ಲವನ್ನೂ ಇನ್ನೊಮ್ಮೆ ಪರೀಕ್ಷಿಸಬೇಕು.

ಸುರುಳಿಯು ಶಾಕ್ ಅಬ್ಸಾರ್ಬರನ್ನೇ ಸುತ್ತಿಕೊಂಡಿರುವ ಗಾಡಿಗಳ ವಿಷಯ ಬೇರೆ. ಅಲ್ಲಿ ಸುರುಳಿಯು ಅದುಮಿಕೊಂಡೇ ಬಂದಿಯಾಗಿರುತ್ತದೆ. ಮೇಲಿನ ನಟ್ಟನ್ನು ಬಿಚ್ಚಿದರೆ ಬಾಣದಂತೆ ಹಾರಿ ಮುಖವನ್ನು ಒಡೆಯಬಲ್ಲದು. ಅದನ್ನು ಹಿಡಿದಿಡುವ ಉಪಕರಣವೂ ಅಭ್ಯಾಸವೂ ಇಲ್ಲದವರು ಆ ಕೆಲಸಕ್ಕೆ ಕೈ ಹಾಕಬಾರದು.

ಎತ್ತರಕ್ಕೆ ಬೆಲೆ ತೆರಬೇಕಾಗುತ್ತದೆ. ಶಾಕ್ ಅಬ್ಸಾರ್ಬರಿನ ಉದ್ದ ಬದಲಾಗಿಲ್ಲ. ಆದುದರಿಂದ ಹಳ್ಳ ಬಂದಾಗ ಚಕ್ರವು ಕೆಳಗಿಳಿಯಲು ಇದ್ದ ಅವಕಾಶದಲ್ಲಿ ಬಳೆಯ ದಪ್ಪದಷ್ಟು ಕಡಿಮೆಯಾಗುತ್ತದೆ. ಅಚ್ಚು ಪಕ್ಕಕ್ಕೆ ಸರಿಯದಂತೆ ಹಿಡಿಯುವ ಅಡ್ಡಸರಳಿದ್ದರೆ ಅದು ಅಚ್ಚನ್ನು ಒಂದು ಮಗ್ಗುಲಿಗೆ ಸ್ವಲ್ಪ ಎಳೆಯುತ್ತದೆ. ಹಿಂಭಾಗ ಮಾತ್ರ ಏರಿದರೆ ಮುಂದಿನ ದೀಪಗಳು ಬಗ್ಗಿ ಹತ್ತಿರದ ನೆಲವನ್ನೇ ಬೆಳಗುತ್ತವೆ.

ಇವೆಲ್ಲಕ್ಕಿಂತ ದೊಡ್ಡದು ಮಗುಚುವ ಭಯ. ಅಮೆರಿಕದ ಸರ್ಕಾರಿ ಸಂಸ್ಥೆಯು 2001ರ ಮಾದರಿಗಳಿಂದ ವಾಹನಗಳ ಮಗುಚುವ ಅಪಾಯಕ್ಕೆ ಅಂಕ ಕೊಡತೊಡಗಿತು. ಅದರ ಬುಡದಲ್ಲಿರುವ ಲೆಕ್ಕ ಸರಳವಾದದ್ದು: ಎಡಬಲ ಚಕ್ರಗಳ ನಡುವಣ ಅಗಲವನ್ನು ಗುರುತ್ವಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸುವುದು. ಅಗಲ 60 ಇಂಚು, ಕೇಂದ್ರದ ಎತ್ತರ 27 ಇಂಚು ಎಂದಿಟ್ಟುಕೊಂಡರೆ ಬರುವುದು 1.11. ನಾಲ್ಕೂ ಕಡೆ ಎರಡು ಇಂಚು ಎತ್ತಿದರೆ ಅದು 1.03ಕ್ಕೆ ಇಳಿಯುತ್ತದೆ. ಹಿಂದೆ ಮಾತ್ರ ಎತ್ತಿದರೆ ಕೇಂದ್ರವು ಸುಮಾರು ಅರ್ಧದಷ್ಟೇ ಏರುವುದರಿಂದ 1.07. ಅಂಕಿ ಎಷ್ಟು ಇಳಿದರೆ ತಿರುವಿನಲ್ಲಿ ಅಷ್ಟು ಅಪಾಯ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿಯನ್ನು ಇಳಿಯುವವನು ಈ ಚಿಕ್ಕ ವ್ಯತ್ಯಾಸವನ್ನು ಚಿಕ್ಕದೆಂದು ಎಣಿಸಬಾರದು.

ಕಾನೂನಿನ ಮಾತೂ ಇದೆ. ಅಮೆರಿಕದಲ್ಲಿ ಎಷ್ಟು ಎತ್ತಬಹುದೆಂಬುದು ಒಂದೊಂದು ಸಂಸ್ಥಾನದಲ್ಲಿ ಒಂದೊಂದು ರೀತಿ. ನಮ್ಮಲ್ಲಿ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ನಿರ್ದೇಶಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಬಳೆಯನ್ನು ಕೊಳ್ಳುವ ಮೊದಲು ಸಾರಿಗೆ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ವಿಚಾರಿಸುವುದು ವಿವೇಕ. ಹಿಂದಿನ ಸ್ಪ್ರಿಂಗು ಹಳತಾಗಿ ಜಗ್ಗಿದ್ದರೆ ಬಳೆಯ ಬದಲು ತಯಾರಕರದೇ ಹೊಸ ಸ್ಪ್ರಿಂಗನ್ನು ಹಾಕಿಸುವುದು ಇನ್ನೂ ಒಳ್ಳೆಯದು; ಮೊದಲಿದ್ದ ಎತ್ತರವೂ ಬರುತ್ತದೆ, ಬಲವೂ ಬರುತ್ತದೆ.

ತೊಗಲಿನ ಪಟ್ಟೆಯಿಂದ ಉಕ್ಕಿನ ಸುರುಳಿಯವರೆಗೆ ಇಷ್ಟು ಶತಮಾನಗಳ ಜಾಣರು ಹುಡುಕಿದ್ದು ಒಂದನ್ನೇ: ಚಕ್ರವು ನೆಲವನ್ನು ಬಿಡಬಾರದು, ಕುಳಿತವನಿಗೆ ನೆಲದ ಪೆಟ್ಟು ತಾಗಬಾರದು. ಒಂದು ಇಂಚಿನ ಬಳೆಯನ್ನು ಕೈಯಲ್ಲಿ ಹಿಡಿದವನು ಈ ಎರಡರಲ್ಲಿ ಯಾವುದನ್ನೂ ಕೆಡಿಸದಂತೆ ನೋಡಿಕೊಂಡರೆ ಸಾಕು.