ಮನೆಯಲ್ಲಿ ಕ್ರೆಸ್ಟೆಡ್ ಗೆಕ್ಕೊ ಸಾಕುವವರಿಗೆ ಮಾಹಿತಿ

ವಿದೇಶಿ ಮೂಲದ ಹಲ್ಲಿಯಾದ ಕ್ರೆಸ್ಟೆಡ್ ಗೆಕ್ಕೊವನ್ನು ಹೊಸದಾಗಿ ಮನೆಗೆ ತರುವವರು ಪಾಲಿಸಬೇಕಾದ ಕಾನೂನು ಕ್ರಮಗಳನ್ನೂ ಆರೈಕೆಯ ವಿಧಾನಗಳನ್ನೂ ಈ ಪುಟದಲ್ಲಿ ನೀಡಲಾಗಿದೆ. ಸಾರ್ವಜನಿಕರು ಪ್ರಾಣಿಯನ್ನು ಕೊಳ್ಳುವ ಮುನ್ನವೇ ಇದನ್ನು ಪೂರ್ಣವಾಗಿ ಓದಿಕೊಳ್ಳಬೇಕಾಗಿ ಕೋರಲಾಗಿದೆ.

1. ಪ್ರಾಣಿಯ ಪರಿಚಯ

ಕ್ರೆಸ್ಟೆಡ್ ಗೆಕ್ಕೊ ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪಗಳಿಗೆ ಸೇರಿದ್ದು. ವೈಜ್ಞಾನಿಕ ಹೆಸರು ಕೊರೆಲೋಫಸ್ ಸಿಲಿಯೇಟಸ್. 1866ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಹಲ್ಲಿಯು ನಶಿಸಿಹೋಗಿದೆ ಎಂದು ಬಹುಕಾಲ ಭಾವಿಸಲಾಗಿತ್ತು. 1994ರಲ್ಲಿ ಮತ್ತೆ ಕಂಡುಬಂದಿತು. ಬೆಳೆದ ಪ್ರಾಣಿಯು ಬಾಲ ಸೇರಿ ಸುಮಾರು 20 ಸೆಂ.ಮೀ. ಉದ್ದವಿದ್ದು, 35ರಿಂದ 50 ಗ್ರಾಂ ತೂಗುತ್ತದೆ. ಹಗಲು ಮಲಗಿ ರಾತ್ರಿ ಸಂಚರಿಸುತ್ತದೆ. ಇದಕ್ಕೆ ಮುಚ್ಚುವ ರೆಪ್ಪೆಗಳಿಲ್ಲದ ಕಾರಣ ನಾಲಿಗೆಯಿಂದಲೇ ಕಣ್ಣನ್ನು ಒರೆಸಿಕೊಳ್ಳುತ್ತದೆ. ಹಲ್ಲಿ ವಿಷಜಂತು ಎಂಬ ನಂಬಿಕೆ ಜನರಲ್ಲಿದೆ. ನಮ್ಮ ಮನೆಯ ಗೋಡೆಯ ಹಲ್ಲಿಗಾಗಲಿ, ಈ ಹಲ್ಲಿಗಾಗಲಿ ವಿಷವಿಲ್ಲ.

ಉತ್ತಮ ಆರೈಕೆಯಲ್ಲಿ ಇದು 15 ವರ್ಷಗಳಿಗೂ ಹೆಚ್ಚು ಕಾಲ ಬದುಕುತ್ತದೆ. ಅಷ್ಟು ವರ್ಷಗಳ ಹೊಣೆಯನ್ನು ಹೊರಲು ಸಿದ್ಧರಿರುವವರು ಮಾತ್ರ ಇದನ್ನು ಕೊಳ್ಳತಕ್ಕದ್ದು.

2. ಕೊಳ್ಳುವ ಮುನ್ನ ಗಮನಿಸಬೇಕಾದ ಕಾನೂನು ಅಂಶಗಳು

(ಅ) ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ಕ್ಕೆ 2022ರಲ್ಲಿ ತಿದ್ದುಪಡಿಯಾಗಿದ್ದು, ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ರಕ್ಷಿತವಾಗಿರುವ ಪ್ರಭೇದಗಳನ್ನು ಈ ಅಧಿನಿಯಮದ 4ನೇ ಅನುಸೂಚಿಯಲ್ಲಿ ಪಟ್ಟಿ ಮಾಡಲಾಗಿದೆ. ಆ ಪಟ್ಟಿಯ ಜೀವಂತ ಪ್ರಾಣಿಯನ್ನು ಹೊಂದಿರುವವರು 2024ರ ನಿಯಮಗಳಂತೆ, ಪ್ರಾಣಿಯು ಸ್ವಾಧೀನಕ್ಕೆ ಬಂದ 30 ದಿನಗಳೊಳಗೆ ಪರಿವೇಶ್ 2.0 ಜಾಲತಾಣದ ಮೂಲಕ ನೋಂದಣಿಗೆ ಅರ್ಜಿ ಸಲ್ಲಿಸಬೇಕು. ಮಡಗಾಸ್ಕರ್ ಮೂಲದ ಹಸಿರು ಡೇ ಗೆಕ್ಕೊಗಳು ಇಂತಹ ರಕ್ಷಿತ ಪ್ರಭೇದಗಳಿಗೆ ಉದಾಹರಣೆ.

(ಆ) ಅಂಗಡಿಗಳಲ್ಲಿ ಹಲ್ಲಿಗಳನ್ನು ಆಡುಮಾತಿನ ಹೆಸರಿನಲ್ಲಿ ಮಾರುವುದುಂಟು. ಆದ್ದರಿಂದ ವೈಜ್ಞಾನಿಕ ಹೆಸರನ್ನು ರಸೀದಿಯಲ್ಲಿ ಬರೆಸಿಕೊಂಡು, ಚಾಲ್ತಿಯಲ್ಲಿರುವ ಅನುಸೂಚಿಯೊಡನೆ ಹೋಲಿಸಿ ನೋಡಬೇಕು. ಸಂದೇಹವಿದ್ದಲ್ಲಿ ಹಣ ಪಾವತಿಸುವ ಮುನ್ನ ಅರಣ್ಯ ಇಲಾಖೆಯ ಕಛೇರಿಯಲ್ಲಿ ವಿಚಾರಿಸಬೇಕು.

(ಇ) ಈಶಾನ್ಯ ಭಾರತದ ಟೋಕೆ ಗೆಕ್ಕೊ ಸಂರಕ್ಷಿತ ಪ್ರಾಣಿ. ಇದರಿಂದ ರೋಗಗಳು ಗುಣವಾಗುತ್ತವೆ ಎಂಬ ಸುಳ್ಳು ಪ್ರಚಾರದಿಂದಾಗಿ ಇದರ ಕಳ್ಳಸಾಗಣೆ ನಡೆಯುತ್ತಿದೆ. ಇದನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು ಶಿಕ್ಷಾರ್ಹ ಅಪರಾಧ. ಪಶ್ಚಿಮ ಘಟ್ಟದ ಕಾಡುಗಳಿಂದಲೂ ಯಾವ ಹಲ್ಲಿಯನ್ನೂ ಹಿಡಿದು ತರಬಾರದು.

(ಈ) 2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ಅಂಗಡಿಯು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. ನೋಂದಣಿ ಪ್ರಮಾಣಪತ್ರವನ್ನು ಕೇಳಿ ನೋಡುವುದು ಗ್ರಾಹಕರ ಹಿತಕ್ಕೆ ಒಳ್ಳೆಯದು.

ಸಂಗ್ರಹಿಸಿ ಇಟ್ಟುಕೊಳ್ಳಬೇಕಾದ ದಾಖಲೆಗಳು: ಖರೀದಿ ರಸೀದಿ, ಮಾರಾಟಗಾರರ ಹೆಸರು ಮತ್ತು ವಿಳಾಸ, ಪ್ರಾಣಿಯ ಮೂಲದ ಕುರಿತ ಲಿಖಿತ ವಿವರ, ಪ್ರಾಣಿಯ ಸ್ಪಷ್ಟ ಛಾಯಾಚಿತ್ರ, ಪಶುವೈದ್ಯರ ತಪಾಸಣಾ ಚೀಟಿ.

3. ವಸತಿ

ಇದು ಮರ ಹತ್ತುವ ಪ್ರಾಣಿಯಾದ್ದರಿಂದ ಪೆಟ್ಟಿಗೆಯ ಅಗಲಕ್ಕಿಂತ ಎತ್ತರ ಹೆಚ್ಚಿರಬೇಕು. ಬೆಳೆದ ಒಂದು ಪ್ರಾಣಿಗೆ ಕನಿಷ್ಠ 45 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ ಮತ್ತು 60 ಸೆಂ.ಮೀ. ಎತ್ತರದ, ಜಾಲರಿ ಮುಚ್ಚಳವಿರುವ ಗಾಜಿನ ಪೆಟ್ಟಿಗೆ ಬೇಕಾಗುತ್ತದೆ. ಒಳಗೆ ರೆಂಬೆಗಳು, ಬಿದಿರಿನ ತುಂಡುಗಳು ಮತ್ತು ಅಡಗಿಕೊಳ್ಳಲು ದಟ್ಟ ಎಲೆಗಳಿರಬೇಕು. ಎರಡು ಗಂಡುಗಳನ್ನು ಒಟ್ಟಿಗೆ ಇಟ್ಟರೆ ಕಾದಾಡುತ್ತವೆ. ಮನೆಯ ಹಲ್ಲಿಯನ್ನು ಹಿಡಿದು ಜೊತೆಗೆ ಬಿಡಬಾರದು, ಪರೋಪಜೀವಿಗಳು ಹರಡುತ್ತವೆ.

ಪ್ರತಿ ಸಂಜೆ ನೀರನ್ನು ಸಿಂಪಡಿಸಿ ತೇವಾಂಶವನ್ನು ಶೇ. 60ರಿಂದ 80ರಷ್ಟಕ್ಕೆ ತರಬೇಕು. ಹಗಲಿನಲ್ಲಿ ಪೆಟ್ಟಿಗೆ ಸ್ವಲ್ಪ ಒಣಗಲು ಬಿಡಬೇಕು. ಸದಾ ಒದ್ದೆಯಾಗಿದ್ದರೆ ಬೂಷ್ಟು ಹಿಡಿಯುತ್ತದೆ. ಕರಾವಳಿಯಲ್ಲಿ ಮಳೆಗಾಲದಲ್ಲಿ ಸಿಂಪಡಣೆಯನ್ನು ತಗ್ಗಿಸಿ, ಗಾಳಿಯಾಡುವುದಕ್ಕೆ ಹೆಚ್ಚು ಗಮನ ಕೊಡಬೇಕು.

4. ಉಷ್ಣತೆ (ವಿಶೇಷ ಗಮನಕ್ಕೆ)

ಹಲ್ಲಿಗಳಿಗೆಲ್ಲ ಬಿಸಿಲು ಬೇಕು ಎಂಬ ಭಾವನೆಯಿಂದ ಈ ಪ್ರಾಣಿಗೆ ಬಿಸಿ ದೀಪವನ್ನು ಹಚ್ಚುವುದು ಅಪಾಯಕಾರಿ. ಇದಕ್ಕೆ ಹಗಲಿನಲ್ಲಿ 22ರಿಂದ 26 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸೂಕ್ತ. ರಾತ್ರಿ ಇನ್ನೂ ಕೆಲವು ಡಿಗ್ರಿ ಕಡಿಮೆಯಾಗಬಹುದು. ಉಷ್ಣತೆಯು 28 ಡಿಗ್ರಿಯನ್ನು ಮೀರಿ ಬಹಳ ಹೊತ್ತು ಉಳಿದರೆ ಪ್ರಾಣಿ ಬಳಲುತ್ತದೆ. ಇನ್ನೂ ಏರಿದರೆ ಸಾಯಬಹುದು.

ಕಲಬುರಗಿ, ರಾಯಚೂರು ಮೊದಲಾದ ಜಿಲ್ಲೆಗಳಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿಯನ್ನು ದಾಟುತ್ತದೆ. ಅಂತಹ ಸ್ಥಳಗಳಲ್ಲಿ ಹವಾನಿಯಂತ್ರಿತ ಕೊಠಡಿಯಿಲ್ಲದೆ ಇದನ್ನು ಸಾಕುವುದು ಸೂಕ್ತವಲ್ಲ. ಬೆಂಗಳೂರಿನಲ್ಲಿಯೂ ಮಾರ್ಚ್‌ನಿಂದ ಮೇ ವರೆಗೆ ಎಚ್ಚರಿಕೆ ಅಗತ್ಯ. ಈ ದಿನಗಳಲ್ಲಿ ಕೆಳಗಿನ ಕ್ರಮಗಳನ್ನು ಅನುಸರಿಸಬೇಕು:

- ಪೆಟ್ಟಿಗೆಯನ್ನು ಕಿಟಕಿಯ ಬಿಸಿಲು ಬೀಳದ, ನೆಲಮಹಡಿಯ ತಂಪಾದ ಕೋಣೆಯಲ್ಲಿ ಇಡುವುದು. ಗಾಜಿನ ಪೆಟ್ಟಿಗೆಗೆ ನೇರ ಬಿಸಿಲು ಬಿದ್ದರೆ ಒಳಗಿನ ಶಾಖ ಬಹುಬೇಗ ಏರುತ್ತದೆ.
- ಪೆಟ್ಟಿಗೆಯೊಳಗೆ ಉಷ್ಣಮಾಪಕವನ್ನು ಅಳವಡಿಸಿ, ಮಧ್ಯಾಹ್ನ 2ರಿಂದ 4 ಗಂಟೆಯ ನಡುವೆ ತಪ್ಪದೆ ನೋಡುವುದು.
- ವಿದ್ಯುತ್ ಕಡಿತವಾದಾಗ, ಮಂಜುಗಡ್ಡೆಯಾದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಜಾಲರಿ ಮುಚ್ಚಳದ ಮೇಲಿಡುವುದು.
- ನಿಲ್ಲಿಸಿದ ಕಾರಿನಲ್ಲಿ ಕ್ಷಣಕಾಲವೂ ಬಿಡದಿರುವುದು. ಬೇಸಿಗೆಯಲ್ಲಿ ದೂರದ ಊರುಗಳಿಂದ ತರಿಸದಿರುವುದು.

5. ಆಹಾರ

ಹಣ್ಣಿನ ಅಂಶ, ಪ್ರೋಟೀನ್ ಮತ್ತು ಜೀವಸತ್ವಗಳನ್ನು ಸೇರಿಸಿ ತಯಾರಿಸಿದ ಪುಡಿ ಆಹಾರವು ಅಂಗಡಿಗಳಲ್ಲಿ ದೊರೆಯುತ್ತದೆ. ಇದನ್ನು ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಸಂಜೆ ಇಡಬೇಕು. ಮರಿಗಳಿಗೆ ಪ್ರತಿದಿನ, ಬೆಳೆದವುಗಳಿಗೆ ವಾರಕ್ಕೆ 3 ದಿನ ಸಾಕು. ಉಳಿದುದನ್ನು ಬೆಳಗ್ಗೆ ತೆಗೆದುಹಾಕಬೇಕು. ವಾರಕ್ಕೊಮ್ಮೆ ಸಾಕಣೆಯ ಚಿಮ್ಮಂಡೆಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಬಹುದು. ಕೀಟವು ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಹೊಲ-ತೋಟಗಳಲ್ಲಿ ಹಿಡಿದ ಕೀಟಗಳಲ್ಲಿ ಕೀಟನಾಶಕ ಇರಬಹುದಾದ್ದರಿಂದ ಅವನ್ನು ಕೊಡಬಾರದು. ಬಾಳೆಹಣ್ಣನ್ನಷ್ಟೇ ತಿನ್ನಿಸಿ ಬೆಳೆಸಿದರೆ ಕ್ಯಾಲ್ಸಿಯಂ ಕೊರತೆಯಾಗಿ ಮೂಳೆ ಮೆತ್ತಗಾಗುತ್ತದೆ.

6. ಮೊದಲ ಎರಡು ವಾರಗಳು

ಹೊಸ ಸ್ಥಳಕ್ಕೆ ಬಂದ ಪ್ರಾಣಿ ಕೆಲವು ದಿನ ಸರಿಯಾಗಿ ತಿನ್ನದಿರಬಹುದು. ಮೊದಲ ಎರಡು ವಾರ ಅದನ್ನು ಕೈಯಲ್ಲಿ ಹಿಡಿಯಬಾರದು. ಆಹಾರ, ನೀರು ಕೊಟ್ಟು ದೂರದಿಂದ ಗಮನಿಸಬೇಕು. ನಂತರ ದಿನಕ್ಕೆ 5 ನಿಮಿಷ, ನೆಲದ ಸಮೀಪ ಕುಳಿತು, ಕೈಯಿಂದ ಕೈಗೆ ನಡೆಯಲು ಬಿಡಬಹುದು. ಬಾಲವನ್ನು ಹಿಡಿಯಬಾರದು. ಮನೆಯ ಹಲ್ಲಿಗೆ ಕಳಚಿದ ಬಾಲ ಮತ್ತೆ ಬೆಳೆಯುತ್ತದೆ; ಕ್ರೆಸ್ಟೆಡ್ ಗೆಕ್ಕೊಗೆ ಬೆಳೆಯುವುದಿಲ್ಲ. ಬಾಲ ಕಳಚಿದರೂ ಗಾಯ ಮಾಗಿದ ಮೇಲೆ ಅದು ಸಹಜವಾಗಿಯೇ ಬದುಕುತ್ತದೆ.

7. ಪಶುವೈದ್ಯರನ್ನು ಕಾಣಬೇಕಾದ ಸಂದರ್ಭಗಳು

- ವಾರಕ್ಕೊಮ್ಮೆ ತೂಕ ಮಾಡಿದಾಗ ಸತತವಾಗಿ ಇಳಿಕೆ ಕಂಡುಬಂದರೆ;
- ದವಡೆ ಮೆತ್ತಗಾದರೆ, ಬೆನ್ನು ಅಥವಾ ಕಾಲು ಸೊಟ್ಟಗಾದರೆ, ನಡುಕವಿದ್ದರೆ;
- ಕಳಚಿದ ಪೊರೆಯು ಬೆರಳುಗಳಿಗೆ ಸುತ್ತಿಕೊಂಡು ಉಳಿದರೆ;
- ಬಾಯಿ ತೆರೆದು ಉಸಿರಾಡುತ್ತಿದ್ದರೆ, ಕಣ್ಣು ಗುಳಿಬಿದ್ದಿದ್ದರೆ.

ಸರೀಸೃಪಗಳ ಚಿಕಿತ್ಸೆಯಲ್ಲಿ ಅನುಭವವಿರುವ ವೈದ್ಯರು ಎಲ್ಲ ಊರುಗಳಲ್ಲಿ ಇರುವುದಿಲ್ಲ. ಪ್ರಾಣಿಯನ್ನು ತರುವ ಮೊದಲೇ ಅಂತಹವರನ್ನು ಗುರುತಿಸಿಕೊಂಡಿರಬೇಕು.

8. ಮನೆಯವರ ಆರೋಗ್ಯ

ಆರೋಗ್ಯವಾಗಿ ಕಾಣುವ ಹಲ್ಲಿಯ ಮಲದಲ್ಲಿಯೂ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಮುಟ್ಟಿದ ನಂತರ ಸಾಬೂನಿನಿಂದ ಕೈ ತೊಳೆಯಬೇಕು. ಪೆಟ್ಟಿಗೆ, ಬಟ್ಟಲುಗಳನ್ನು ಅಡುಗೆಮನೆಯಲ್ಲಿ ತೊಳೆಯಬಾರದು. 5 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯೋವೃದ್ಧರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಯಲ್ಲಿ ಇದನ್ನು ಸಾಕದಿರುವುದು ಉತ್ತಮ.

9. ಸಾಕಲು ಸಾಧ್ಯವಾಗದಿದ್ದಲ್ಲಿ

ಪ್ರಾಣಿಯನ್ನು ಉದ್ಯಾನ, ತೋಟ ಅಥವಾ ಕಾಡಿನಲ್ಲಿ ಬಿಡಬಾರದು. ಬಿಟ್ಟ ಪ್ರಾಣಿ ಬಿಸಿಲಿಗೆ ಸಾಯಬಹುದು. ಉಳಿದರೆ ಸ್ಥಳೀಯ ಹಲ್ಲಿಗಳಿಗೆ ರೋಗ ಹರಡಬಹುದು. ಆರೈಕೆ ತಿಳಿದ ಮತ್ತೊಬ್ಬರಿಗೆ ಎಲ್ಲ ದಾಖಲೆಗಳೊಡನೆ ಒಪ್ಪಿಸಬೇಕು, ಇಲ್ಲವೇ ಪ್ರಾಣಿ ಕಲ್ಯಾಣ ಸಂಸ್ಥೆಯನ್ನು ಸಂಪರ್ಕಿಸಬೇಕು. ನೋಂದಾಯಿತ ಪ್ರಭೇದವಾಗಿದ್ದಲ್ಲಿ ವರ್ಗಾವಣೆಯನ್ನೂ ಮರಣವನ್ನೂ ಪರಿವೇಶ್ ಜಾಲತಾಣದಲ್ಲಿ ವರದಿ ಮಾಡತಕ್ಕದ್ದು.