ಹತ್ತೊಂಬತ್ತನೆಯ ಗೇಟು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ ಹತ್ತೊಂಬತ್ತನೆಯ ಗೇಟಿನ ಸರಪಳಿ ತುಂಡಾಗಿ, ಗೇಟೇ ಕೊಚ್ಚಿಹೋಯಿತು. ನಮ್ಮ ಚಿತ್ತವಾಡ್ಗಿಯಲ್ಲಿ ಮನೆಮನೆಯಲ್ಲೂ ಅದೇ ಮಾತು. ಅದೇ ವಾರ ಅಣ್ಣ ಸ್ಕ್ಯಾನಿಂಗಿಗೆ ಹೋಗಬೇಕಿತ್ತು. "ಹೊಟ್ಟಿ ಕೊಯ್ದಿಲ್ಲ, ಮೂರು ದಿನಕ್ಕ ಮನಿಗೆ ಬಂದೀನಿ. ಮತ್ಯಾಕವ್ವ ಸ್ಕ್ಯಾನಿಂಗು?" ಎಂದು ಹಟ ಹಿಡಿದು ಕೂತಿದ್ದ.

ಎರಡು ವರ್ಷದ ಹಿಂದೆ ಅವನ ಹೊಟ್ಟೆಯೊಳಗಿನ ಮಹಾಧಮನಿ ಬಲೂನಿನಂತೆ ಉಬ್ಬಿತ್ತು. ತೊಡೆಸಂದಿನ ರಕ್ತನಾಳದ ಮೂಲಕ, ಬಟ್ಟೆ ಹೊದಿಸಿದ ಲೋಹದ ನಳಿಕೆಯನ್ನು ತೂರಿಸಿ ಉಬ್ಬಿದ ಜಾಗದಲ್ಲಿ ಕೂರಿಸಿದ್ದರು.

ಇತಿಹಾಸದ ಟೀಚರಿಗೆ ಗೊತ್ತಿರುವುದು ಒಂದೇ ಉಪಾಯ, ಕತೆ ಹೇಳಿದೆ. 1948ರಲ್ಲಿ ಐನ್‌ಸ್ಟೀನರಿಗೆ ಇಂಥದೇ ಉಬ್ಬು. ನಿಸ್ಸೆನ್ ಎಂಬ ಸರ್ಜನ್ ಅದಕ್ಕೆ ಸೆಲೋಫೇನ್ ಸುತ್ತಿದರು. 1955ರಲ್ಲಿ ಅದೇ ಒಡೆದು ಐನ್‌ಸ್ಟೀನರು ತೀರಿಕೊಂಡರು. 1951ರಲ್ಲಿ ಪ್ಯಾರಿಸ್ಸಿನ ದ್ಯುಬೋ ಹೊಟ್ಟೆ ತೆರೆದು, ಉಬ್ಬನ್ನು ತೆಗೆದು ಬೇರೆ ನಾಳ ಜೋಡಿಸಿದರು. 1990ರಲ್ಲಿ ಬ್ಯೂನಸ್ ಐರಿಸ್‌ನ ಪರೋಡಿ ಹೊಟ್ಟೆ ಕೊಯ್ಯದೆಯೇ ನಳಿಕೆ ಕೂರಿಸಿದರು.

ಬ್ರಿಟನ್ನಿನಲ್ಲಿ 1999ರಿಂದ ಎರಡೂ ವಿಧಾನಗಳನ್ನು ಹೋಲಿಸಿ ನೋಡಿದರು. ಮೊದಲ 30 ದಿನದಲ್ಲಿ ತೀರಿಕೊಂಡವರು, ಹೊಟ್ಟೆ ಕೊಯ್ಸಿಕೊಂಡವರಲ್ಲಿ ನೂರಕ್ಕೆ 4.7, ನಳಿಕೆಯವರಲ್ಲಿ 1.7. ಆದರೆ 2016ರಲ್ಲಿ ಬಂದ 15 ವರ್ಷಗಳ ಲೆಕ್ಕ ಬೇರೆಯೇ ಹೇಳಿತು: ಎಂಟು ವರ್ಷ ಕಳೆದ ಮೇಲೆ ಈ ಕಾಯಿಲೆಯಿಂದ ಸತ್ತವರು ನಳಿಕೆಯವರಲ್ಲೇ ಹೆಚ್ಚು. ಹಳೆಯ ಉಬ್ಬು ಮತ್ತೆ ಒಡೆದದ್ದೇ ಮುಖ್ಯ ಕಾರಣ.

ಉಬ್ಬಿದ ಚೀಲವನ್ನು ತೆಗೆದಿರುವುದಿಲ್ಲವಲ್ಲ, ಅದು ಒಳಗೇ ಇರುತ್ತದೆ. ನಳಿಕೆಯ ಅಂಚಿನಿಂದಲೋ, ಪಕ್ಕದ ಸಣ್ಣ ನಾಳಗಳಿಂದಲೋ ರಕ್ತ ಚೀಲಕ್ಕೆ ಸೋರಬಹುದು. ಇದಕ್ಕೆ ಡಾಕ್ಟರರು ಎಂಡೋಲೀಕ್ ಎನ್ನುತ್ತಾರೆ. ನಳಿಕೆ ಜಾರಬಹುದು; ಅದರ ಕವಲು ಕಟ್ಟಿಕೊಂಡರೆ ಕಾಲು ತಣ್ಣಗಾಗಿ ನೋಯುತ್ತದೆ; ಅಪರೂಪಕ್ಕೆ ಸೋಂಕು ತಗಲಿ ಜ್ವರ ಬರುತ್ತದೆ. ಸೋರಿಕೆ ಮಾತ್ರ ಬಹಳ ಸಲ ಯಾವ ನೋವನ್ನೂ ಕೊಡುವುದಿಲ್ಲ. ಸ್ಕ್ಯಾನಿಂಗಿನ ಕಣ್ಣಿಗಷ್ಟೇ ಬೀಳುತ್ತದೆ. ಹೊಟ್ಟೆ ಅಥವಾ ಬೆನ್ನು ಇದ್ದಕ್ಕಿದ್ದಂತೆ ಜೋರಾಗಿ ನೊಂದು ತಲೆ ಸುತ್ತಿದರೆ ಕಷಾಯ ಕಾಯಿಸುತ್ತ ಕೂಡದೆ ಆಸ್ಪತ್ರೆಗೆ ಓಡಬೇಕು.

"ಅಣ್ಣ, ಆ ಸರಪಳಿ ಹರಿಯೋ ಹಿಂದಿನ ದಿನ ಗೇಟು ನೋಡಿದ್ದರ ನಿನಗೇನರ ಗೊತ್ತಾಗ್ತಿತ್ತಾ?" ಎಂದೆ. ಅವನು ಮಾತಾಡಲಿಲ್ಲ. ಅತ್ತಿಗೆ ಫೈಲು ತೆಗೆದಿಟ್ಟರು.

ಪಕ್ಕದ ನಾಳದಿಂದ ಸಣ್ಣ ಸೋರಿಕೆ ಕಂಡಿತು. ಚೀಲ ದೊಡ್ಡದಾಗಿರಲಿಲ್ಲ. "ಈಗ ಏನೂ ಮಾಡುವುದು ಬೇಡ, ಆರು ತಿಂಗಳಿಗೆ ಮತ್ತೆ ಬನ್ನಿ" ಎಂದರು ಡಾಕ್ಟರು. ನಾವು ಊರಿಗೆ ಮರಳುವಷ್ಟರಲ್ಲಿ ಅಣೆಕಟ್ಟೆಗೆ ತಾತ್ಕಾಲಿಕ ಗೇಟು ಕೂಡಿಸಿದ್ದರು. ಅತ್ತಿಗೆ ಮೊದಲು ಮಾಡಿದ ಕೆಲಸವೆಂದರೆ, ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮುಂದಿನ ಫೆಬ್ರವರಿಯ ತಾರೀಖು ಬರೆದಿಟ್ಟದ್ದು.